ಜಲಜಜ್ಜಿ ಹೋಯ್ತ್

ನವೆಂಬರ್ 6, 2009, ಶುಕ್ರವಾರ. ಸಂಜೆ 4.45

ಮಕ್ಕಳು ಹೋದ ಮೇಲೆ ಬಿಸ್ಕತ್ತಿನ ಡಬ್ಬ ತೆರೆದೆ. ಹನ್ನೊಂದು ಚೀಟಿ. ಕಳೆದ ವಾರ ಏಳು. ಸುದ್ದಿಯ ರುಚಿ ಹತ್ತುತ್ತಿದೆ ಇವರಿಗೆ. ಗೋಡೆ ಪತ್ರಿಕೆ ಶುರು ಮಾಡಿ ಇದು ನಾಲ್ಕನೇ ವಾರ. ಶುಕ್ರವಾರದ ಒಳಗೆ ಚೀಟಿ ಹಾಕಬೇಕು, ನಾನು ತಿದ್ದಬೇಕು, ಶನಿವಾರ ಪ್ರಾರ್ಥನೆಯಲ್ಲಿ ಓದು, ಆಮೇಲೆ ಚಾರ್ಟ್ ಜಗಲಿಯ ಗೋಡೆಗೆ.

ಏಳನೇ ಕ್ಲಾಸಿನ ಮನೀಶ್: ‘ನಮ್ಮನಿ ದನ ಕರ ಹಾಕ್ತ್.’ ತಿದ್ದಿದೆ — ‘ನಮ್ಮ ಮನೆಯ ಹಸುವು ಕರುವಿಗೆ ಜನ್ಮ ನೀಡಿತು.’

ಆರನೇ ಕ್ಲಾಸಿನ ಪ್ರಜ್ಞಾಳದ್ದು ಯಾವಾಗಲೂ ಬೇರೆ ಥರ. ‘ಕಡಲ್ ಬದಿ ಒಂದ್ ಆಮೆ ಬಂದಿತ್ತ್. ಎಲ್ಲರನ್ನೂ ಕಂಡ್ತ್. ಯಾರೂ ಬೇಡ ಅಂದೇಳಿ ತಿರ್ಗಿ ನೀರಿಗೆ ಇಳೀತ್.’ ಇದನ್ನೂ ತಿದ್ದಿದೆ — ‘ಸಮುದ್ರ ತೀರಕ್ಕೆ ಆಮೆಯೊಂದು ಆಗಮಿಸಿ, ಕೆಲಕಾಲದ ನಂತರ ನಿರ್ಗಮಿಸಿತು.’ ತಿದ್ದಿದ ಮೇಲೆ ಆಮೆ ಯಾರೋ ಸರ್ಕಾರಿ ಅಧಿಕಾರಿಯ ಹಾಗೆ ಕಂಡಿತು. ಆದರೂ ಬಿಟ್ಟೆ. ಬರವಣಿಗೆ ಎಂದರೆ ಬರವಣಿಗೆ.


ನವೆಂಬರ್ 7, ಶನಿವಾರ

ಪ್ರಾರ್ಥನೆ ಮುಗಿದ ಮೇಲೆ ಮನೀಶ್ ತಲೆ ಕೆರೆಯುತ್ತ ಬಂದ.

“ಸರ್, ನಮ್ಮನಿ ದನ ಜನ್ಮ ನೀಡ್ಲಿಲ್ಲ. ಕರ ಹಾಕದ್ದ್.”

“ಎರಡೂ ಒಂದೇ ಕಣೋ.”

“ಅಮ್ಮ ಕೇಂಡ್ರೆ ನಗಾಡತ್ತ್.”

ನಗಾಡಿದರೆ ನಗಾಡಲಿ. ಆಮೆಯ ಸುದ್ದಿಯ ಮುಂದೆ ಪ್ರಜ್ಞಾ ಬಹಳ ಹೊತ್ತು ನಿಂತಿದ್ದಳು. ತನ್ನದೇ ಚೀಟಿ ಎಂದು ಗೊತ್ತಾಗಲಿಲ್ಲವೋ ಏನೋ...


ನವೆಂಬರ್ 11, ಬುಧವಾರ. ಬೆಳಿಗ್ಗೆ 9.00

ಗೇಟಿನಲ್ಲಿ ಜಲಜಜ್ಜಿ. ಪ್ರಜ್ಞಾಳ ಅಜ್ಜಿ, ತಲೆಯ ಮೇಲೆ ಮೀನಿನ ಬುಟ್ಟಿ. ದಿನಾ ಇದೇ ಹೊತ್ತಿಗೆ ಶಾಲೆಯ ಮುಂದೆ ಹಾಯುವುದು. ಮೊಮ್ಮಗಳ ನೆಪದಲ್ಲಿ ಇಡೀ ಶಾಲೆಯನ್ನು ವಿಚಾರಿಸಿಕೊಳ್ಳುವುದು.

“ಹ್ವಾಯ್ ಮಾಷ್ಟ್ರೆ, ಬಂಗ್ಡಿ ಇತ್ತ್, ಬೇಕಾ?”

“ಇವತ್ತು ಬೇಡ ಅಜ್ಜಿ. ನಿನ್ನೆಯದೇ ಉಳಿದಿದೆ.”

“ನಿಮ್ಮ್ ಮಾತ್ ಕೇಂಡ್ರೆ ರೇಡಿಯೋ ಹಾಕ್ದಂಗ್ ಆತ್ತ್ ಕಾಣಿ. ಯಾವ್ ಬದಿಯರ್ ನೀವ್?”

“ಬೈಂದೂರು.”

ಬುಟ್ಟಿ ಇಳಿಸಿ ನೋಡಿತು — ಈ ಕಡೆ ಹೆಂಗಸರಿಗೂ ‘ಅದು’ ಎನ್ನುವುದೇ ರೂಢಿ. “ಬೈಂದೂರಾ! ಹೌದಾ? ನಾನ್ ಮೈಸೂರ್ ಬದಿಯರ್ ಅಂದೇಳಿ ಇಪ್ಪತ್ತ್ ಜನಕ್ಕೆ ಹೇಳಿದೆ ಮಾರ್ರೆ!”

ತಪ್ಪೇನಿಲ್ಲ. ಹುಣಸೂರು, ನಂಜನಗೂಡು — ಇಪ್ಪತ್ತೆರಡು ವರ್ಷ. ಜೂನ್‌ನಲ್ಲಿ ವರ್ಗವಾಗಿ ಈ ಕಡೆ ಬಂದಾಗ ಮಾತು ತಾನಾಗಿ ವಾಪಸು ಬರುತ್ತದೆ ಎಂದುಕೊಂಡಿದ್ದೆ. ಬಂದಿಲ್ಲ. ಯಾರಾದರೂ ಮಾತಾಡಿದರೆ ಅರ್ಥವಾಗುತ್ತದೆ. ಬಾಯಿ ತೆರೆದರೆ ಪಠ್ಯಪುಸ್ತಕ. ಇದರಲ್ಲಿ ದುಃಖ ಇದೆಯೇ ಎಂದು ಹುಡುಕಿದೆ. ಅಂಥದ್ದೇನೂ ಸಿಗಲಿಲ್ಲ. ಸ್ವಲ್ಪ ಮುಜುಗರ ಅಷ್ಟೆ.


ನವೆಂಬರ್ 14, ಶನಿವಾರ

ಮಕ್ಕಳ ದಿನ. ಭಾಷಣ ಬೇಡವೆಂದು ಅಳತೆಯ ಆಟ ಇಟ್ಟೆ. ಶಾಲೆಯ ಅಂಗಳ ಎಷ್ಟು ಉದ್ದ? ಟೇಪ್ ಸಿಗಲಿಲ್ಲ. ಆರನೇ ಕ್ಲಾಸಿನ ವಿಶಾಲ್ ಬಲೆಯ ಹಗ್ಗ ತಂದ. ಇವರ ಅಳತೆ ಮಾರು — ಎರಡೂ ಕೈ ಚಾಚಿದರೆ ಒಂದು ಮಾರು. ಒಬ್ಬೊಬ್ಬರ ಮಾರು ಒಂದೊಂದು ಉದ್ದ. ವಿಶಾಲನಿಗೆ ಅಂಗಳ ಇಪ್ಪತ್ತೆಂಟು ಮಾರು, ಪ್ರಜ್ಞಾಳಿಗೆ ಮೂವತ್ತಮೂರು. ದೊಡ್ಡ ಜಗಳ. ಕೊನೆಗೆ ಹೆಡ್‌ಮಿಸ್ ಸ್ವರ್ಣಲತಾ ಮೇಡಂ ಸೆರಗು ಸಿಕ್ಕಿಸಿಕೊಂಡು ತಾವೇ ಅಳೆದರು. ಇಪ್ಪತ್ತೈದೂವರೆ. “ಇದು ಸರ್ಕಾರಿ ಮಾರು, ಇದೇ ಫೈನಲ್” ಎಂದರು. ಎಲ್ಲರಿಗೂ ಪಾಯಸ.

ಒಳ್ಳೆಯ ದಿನ. ಕಾರಣ ಹುಡುಕಲಿಲ್ಲ.


ನವೆಂಬರ್ 20, ಶುಕ್ರವಾರ. ಸಂಜೆ 5.00

ಡಬ್ಬದಲ್ಲಿ ಪ್ರಜ್ಞಾಳ ಚೀಟಿ.

‘ಜಲಜಜ್ಜಿ ನಿನ್ನೆ ಹೋಯ್ತ್. ಅಮ್ಮ ಮರ್ಕಿತ್. ಮನಿ ಬಿಕೋ ಅಂತ್.’

ಅಜ್ಜಿ ಹೋಯಿತು. ಅಮ್ಮ ಅತ್ತಿತು. ಮನೆ ಬಿಕೋ ಎನ್ನುತ್ತದೆ.

ಮೂರು ಸಲ ಓದಿದೆ. ಇವತ್ತು ಬೆಳಿಗ್ಗೆ ಗೇಟಿನಲ್ಲಿ ಅಜ್ಜಿ ಇರಲಿಲ್ಲ ಎಂಬುದು ಆಗ ಹೊಳೆಯಿತು. ಆದರೂ ಯೋಚಿಸಿದೆ, ಹೋಯ್ತ್ ಎಂದರೆ ಬರೀ ಹೋಗುವುದೂ ಇರಬಹುದಲ್ಲ? ಇಲ್ಲ. ಈ ಕಡೆ ಬದುಕಿರುವವರು ಯಾರೂ ‘ಹೋಗುತ್ತೇನೆ’ ಎನ್ನುವುದಿಲ್ಲ. ಅಪಶಕುನ. ಹೊಸ್ತಿಲು ದಾಟುವಾಗ ಎಲ್ಲರೂ ‘ಬತ್ತೆ’, ಬರುತ್ತೇನೆ, ಅನ್ನುವುದೇ. ಚಿಕ್ಕವನಿದ್ದಾಗ ಒಮ್ಮೆ ‘ಹೋತೆ’ ಎಂದದ್ದಕ್ಕೆ ಅಮ್ಮ ವಾಪಸು ಕರೆದು ಕೂರಿಸಿ, ನೀರು ಕುಡಿಸಿ ಕಳಿಸಿದ್ದಳು. ಇಲ್ಲಿ ಹೋಗುವುದು ಒಂದೇ ಸಲ.

ಯಾರನ್ನಾದರೂ ಕೇಳಬಹುದಿತ್ತು. ಶಾಲೆ ಖಾಲಿ. ಮೇಡಂ ಬ್ರಹ್ಮಾವರದ ಬಸ್ಸು ಹಿಡಿದಾಗಿತ್ತು. ಸತ್ತ ಮನೆಗೆ ಹೋಗಿ ‘ನಿಜವೇ’ ಎಂದು ಕೇಳುವುದು ಒರಟುತನ. ಅದೂ ಅಲ್ಲದೆ ನನಗೆ ಕೇಳುವ ಅಭ್ಯಾಸವಿಲ್ಲ. ಓದಿ ತಿಳಿಯುವವನು ನಾನು.

ಬರೆದೆ: ‘ನಮ್ಮೂರಿನ ಹಿರಿಯರೂ ನಮ್ಮ ಶಾಲೆಯ ಹಿತೈಷಿಗಳೂ ಆದ ಶ್ರೀಮತಿ ಜಲಜ ಅವರು ನಿನ್ನೆ ದೈವಾಧೀನರಾದರು.’ ಸುತ್ತ ಕಪ್ಪು ಅಂಚು. ಅಂಚು ನೇರ ಬರಲಿಲ್ಲ. ಎರಡು ಸಲ ಎಳೆದೆ.


ನವೆಂಬರ್ 21, ಶನಿವಾರ. ಮಧ್ಯಾಹ್ನ 12.30

ಆದದ್ದು ಆದ ಹಾಗೆ ಬರೆಯಬೇಕು.

ಪ್ರಾರ್ಥನೆ ಮುಗಿಯಿತು. ಪ್ರಜ್ಞಾ ತಡವಾಗಿ ಓಡಿ ಬಂದು ಸಾಲಿನ ಕೊನೆಗೆ ನಿಂತಳು. ಸತ್ತ ಮನೆಯಿಂದ ಬಂದಳಲ್ಲ ಪಾಪ ಎನ್ನಿಸಿತು. ಓದಿದೆ. ಒಂದು ನಿಮಿಷ ಮೌನ ಎಂದೆ.

ಹತ್ತು ಸೆಕೆಂಡೂ ಆಗಿರಲಿಲ್ಲ. ಪ್ರಜ್ಞಾ ನೆಲಕ್ಕೆ ಕುಳಿತು ಕೂಗಿದಳು — “ಅಜ್ಜೀ...” ಅಕ್ಕಪಕ್ಕದವರೂ ಶುರುಮಾಡಿದರು. ಒಂದನೇ ಕ್ಲಾಸಿನ ಪೂಜಿತಾ, ಯಾರು ಸತ್ತರೆಂದೇ ಗೊತ್ತಿಲ್ಲದವಳು, ಎಲ್ಲರಿಗಿಂತ ಜೋರು. ನಾನು ಗಡಿಯಾರ ನೋಡುತ್ತ ನಿಂತಿದ್ದೆ.

ವಿಶಾಲ್ ಅಳುತ್ತಲೇ ಬಂದ. “ಸರ್, ನಿಮ್ಗೆ ಫೋನ್ ಬಂತಾ? ರೈಲಂಗೇ ಸತ್ತದ್ದಾ?”

“ಯಾವ ರೈಲು?”

ಆಗ ಬಿಸಿಯೂಟದ ಗುಣವತಿ ತರಕಾರಿ ಚೀಲ ಹಿಡಿದು ಒಳಗೆ ಬಂದಳು.

“ಎಂತ ಆಯ್ತ್ ಮಕ್ಳೆ? ಎಂತಕ್ಕೆ ಮರ್ಕುದ್ ಎಲ್ಲರೂ?”

“ಜಲಜಜ್ಜಿ ಸತ್ತ್ ಹೋಯ್ತ್...”

“ಯಾರ್ ಹೇಳದ್ದ್? ನಿನ್ನೆ ಬೊಂಬಾಯಿಗೆ ಮುಟ್ಟಿ ನಮ್ಮನಿಗೇ ಫೋನ್ ಮಾಡಿತ್ತಲೆ! ಸೊಸಿಗೆ ಹೆಣ್ಣ್ ಹುಟ್ಟಿತ್ತ್ ಅಂದೇಳಿ!”

ಎಲ್ಲರೂ ನನ್ನನ್ನು ನೋಡಿದರು. ನಲವತ್ತೊಂದು ಮಕ್ಕಳು, ಮೂವರು ಟೀಚರುಗಳು, ಒಂದು ಚೀಲ ಬದನೆ.

ಸ್ವರ್ಣಲತಾ ಮೇಡಂ ಮೊಬೈಲ್ ತೆಗೆದರು. ಗುಣವತಿ ನಂಬರ್ ಹೇಳಿದಳು. ಸ್ಪೀಕರ್ ಹಾಕಿದರು. ಜಲಜಜ್ಜಿಯ ಧ್ವನಿ ಇಡೀ ಅಂಗಳಕ್ಕೆ.

“ಹಲೋ... ಯಾರ್? ... ಎಂತ? ನಾನ್ ಸತ್ತದ್ದ್ ನಂಗೇ ಗೊತ್ತಾಯಿಲ್ಲಲೆ ಮಾರ್ರೆ!”

ಪ್ರಜ್ಞಾ ನಂಬಲಿಲ್ಲ. ಮೂಗು ಒರೆಸಿಕೊಂಡು ಫೋನಿನ ಹತ್ತಿರ ಬಂದು ಕೇಳಿದಳು, “ಅಜ್ಜೀ, ನಿಂಗೆ ಯಾವ್ ಹಲ್ಲ್ ಇಲ್ಲ?”

“ಮೇಲಿಂದ್ ಎರಡ್, ಅಡಿದ್ ಒಂದ್. ಅದನ್ನ್ ಇಡೀ ಶಾಲಿ ಎದ್ರ್ ಹೇಳ್ಕಾ ಹೆಣೆ?”

ನಗು ಒಡೆಯಿತು. ಆಮೇಲೆ ನನ್ನನ್ನು ಕೇಳಿತು.

“ಹ್ವಾಯ್ ಮಾಷ್ಟ್ರೆ, ಎಷ್ಟ್ ಹೊತ್ತ್ ಮೌನ ಮಾಡ್ದ್ರಿ?”

“ಒಂದು ನಿಮಿಷ, ಅಜ್ಜಿ. ಕ್ಷಮಿಸಬೇಕು...”

“ಒಂದೇಯಾ! ನಲ್ವತ್ತ್ ವರ್ಷ ಈ ಊರಿಗೆ ಮೀನ್ ತಿನ್ಸಿದೆ. ಒಂದೇ ನಿಮ್ಷವಾ?”

ಬೊಂಬಾಯಿಯಲ್ಲಿರುವ ಮಗನ ಹೆಂಡತಿಗೆ ಹೆರಿಗೆ ಮುಂಚೆಯೇ ಆಗುತ್ತದೆಂದು ಗುರುವಾರ ಫೋನ್ ಬಂತಂತೆ. ಅವತ್ತೇ ಮಧ್ಯಾಹ್ನದ ರೈಲು ಹತ್ತಿದ್ದಂತೆ. ಪ್ರಜ್ಞಾಳ ಅಮ್ಮ ವನಜ ಅತ್ತದ್ದು ತನಗೂ ಬೊಂಬಾಯಿ ನೋಡಬೇಕಿತ್ತು, ಕರೆದುಕೊಂಡು ಹೋಗಲಿಲ್ಲ ಎಂದು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಪ್ರಜ್ಞಾ ನಗಲಿಲ್ಲ. ಅವಳ ಲೆಕ್ಕದಲ್ಲಿ ಅಜ್ಜಿ ಮೂರು ನಿಮಿಷ ಸತ್ತಿತ್ತು. ಸರ್ ಹೇಳಿದ್ದಾರೆ ಎಂದರೆ ಸುಳ್ಳಾಗಿರುವುದಿಲ್ಲ — ಹಾಗೆ ನಂಬಿ ಅತ್ತದ್ದು.


ನವೆಂಬರ್ 27, ಶುಕ್ರವಾರ

ವಾರವಿಡೀ ಊರಿನ ತುಂಬ ಇದೇ. ಕೋಟೇಶ್ವರದ ಅಂಗಡಿಯವನೂ ಕೇಳಿದ, “ಇವತ್ತ್ ಯಾರನ್ನ್ ಹೋಗ್ಸಿದ್ರಿ ಮಾಷ್ಟ್ರೆ?” ಸುಳ್ಳು ಸಾವಿನ ಸುದ್ದಿಯಿಂದ ಅಜ್ಜಿಯ ಆಯುಷ್ಯ ಹೆಚ್ಚಾಯಿತು ಎಂದು ಗುಣವತಿ ಸಮಾಧಾನ ಹೇಳಿದಳು. ಅಜ್ಜಿಯ ಚಿಂತೆ ನನಗಿಲ್ಲ.

ಡಬ್ಬದಲ್ಲಿ ಎರಡೇ ಚೀಟಿ. ‘ಶಾಲೆಯ ಅಂಗಳವು ಸ್ವಚ್ಛವಾಗಿದೆ.’ ‘ಹವಾಮಾನವು ಹಿತಕರವಾಗಿದೆ.’ ಒಂದೂ ತಪ್ಪಿಲ್ಲ. ತಿದ್ದಲು ಏನೂ ಇಲ್ಲ. ಓದಲೂ ಏನೂ ಇಲ್ಲ.

ಪ್ರಜ್ಞಾಳದ್ದು ಇಲ್ಲ.


ನವೆಂಬರ್ 28, ಶನಿವಾರ

ಮೇಡಂ ಚಾರ್ಟ್ ನೋಡಿದರು. “ಹವಾಮಾನ ಹಿತಕರವಾ... ಸರ್, ಎರಡು ವಾರ ಕಾಯುವ. ಆಗಲೂ ಹೀಗೇ ಆದ್ರೆ ಆ ಗೋಡೆಗೆ ಮಗ್ಗಿ ಬರೆಸುವ, ಅಲ್ದಾ?”

ಮಗ್ಗಿ ಒಳ್ಳೆಯದೇ. ಯಾರನ್ನೂ ಕೊಲ್ಲುವುದಿಲ್ಲ. ಆದರೆ ಬೇಡ ಎಂದು ಬಲವಾಗಿ ಅನ್ನಿಸಿತು. ನನಗೆ ಯಾವುದೂ ಬಲವಾಗಿ ಅನ್ನಿಸುವುದು ಅಪರೂಪ. ಆ ಹುಡುಗಿ ಮತ್ತೆ ಬರೆಯಬೇಕು. ಅಷ್ಟೇ.


ಡಿಸೆಂಬರ್ 1, ಮಂಗಳವಾರ

ಊಟದ ನಂತರ ಪ್ರಜ್ಞಾ ತಟ್ಟೆ ತೊಳೆಯುತ್ತಿದ್ದಳು. ಪಕ್ಕದಲ್ಲಿ ನಿಂತೆ. ಬರೆಯುವುದಿಲ್ಲವೇ ಎಂದು ಕೇಳಿದೆ.

“ನಾನ್ ಬರ್ದದ್ದ್ ಒಂದ್, ಗೋಡಿ ಮೇಲ್ ಬಪ್ಪುದ್ ಇನ್ನೊಂದ್. ಮತ್ತೆಂತಕ್ಕೆ ಬರೂದ್ ಸರ್?”

“ನೀನು ಬರೀ ಹೋಯ್ತ್ ಎಂದು ಬರೆದೆಯಲ್ಲ. ನಮ್ಮ ಕಡೆ ಬತ್ತೆ ಎನ್ನುವುದಲ್ಲವಾ...”

“ಬತ್ತೆ ಅಂಬುದ್ ಹೋಪರ್ ಹೇಳುದ್. ಅಜ್ಜಿಯೂ ಬತ್ತೆ ಅಂದೇ ಹೇಳ್ತ್. ಹೋದ್ ಮೇಲೆ ಉಳ್ದರ್ ಎಂತ ಹೇಳ್ಕ್? ಹೋಯ್ತ್ ಅಂದೇ ಹೇಳ್ಕಲೆ.”

ಸರಿ. ಹೋಗುವವರು ಬತ್ತೆ ಎನ್ನುತ್ತಾರೆ, ಉಳಿದವರು ಹೋಯ್ತ್ ಎನ್ನಲೇಬೇಕು. ಅರ್ಧ ನೆನಪಿಟ್ಟುಕೊಂಡು ಪೂರ್ತಿ ಗೊತ್ತಿದೆ ಎಂದುಕೊಂಡಿದ್ದೆ.

“ನಾನ್ ಬರ್ದದ್ದ್ ತಪ್ಪಾ?”

“ಅಲ್ಲ.”

“ಮತ್ತೆ ಕೆಂಪ್ ಪೆನ್ ಎಂತಕ್ಕೆ?”

ನಲ್ಲಿ ಬಂದ್ ಮಾಡಿ ಹೋದಳು. ಉತ್ತರಕ್ಕೆ ಕಾಯಲಿಲ್ಲ.


ಡಿಸೆಂಬರ್ 4, ಶುಕ್ರವಾರ. ಸಂಜೆ

ಇವತ್ತು ಕೊನೆಯ ಪಿರಿಯಡ್‌ನಲ್ಲಿ ಆರು, ಏಳನೇ ಕ್ಲಾಸು ಒಟ್ಟಿಗೆ ಕೂರಿಸಿದೆ. ನಾನೇ ಬರೆದ ಸುದ್ದಿಯನ್ನು ಬೋರ್ಡಿನ ಮೇಲೆ ಅಂಟಿಸಿದೆ. ನಿನ್ನೆ ಸಂಜೆ ಒಂದೂವರೆ ಗಂಟೆ ಕೂತು ಬರೆದದ್ದು. ಐದು ಸಾಲು.

‘ಜಲಜಜ್ಜಿ ಬೊಂಬಾಯಿಗೆ ಹೋದ್ಳ್. ಹುಶಾರಾಗಿದ್ದಾಳೆ. ನಾನ್ ಕೇಳದೆ ಬರೆದೆ. ಅದ್ ನನ್ನ ತಪ್ಪ್. ಪ್ರಜ್ಞಾ ಬರೆದದ್ದು ಸರಿ ಇದೆ.’

ಕೆಂಪು ಪೆನ್ನು ಮೇಜಿನ ಮೇಲಿಟ್ಟೆ. “ತಿದ್ದಿ” ಎಂದೆ.

ಮೊದಲು ಯಾರೂ ಏಳಲಿಲ್ಲ. ಆಮೇಲೆ ಮನೀಶ್. “ಹುಶಾರಾಗಿದ್ದಾಳೆ ಅಲ್ಲ ಸರ್, ಹುಶಾರ್ ಇತ್ತ್.” ಗೀಟು. ವಿಶಾಲ್: “‘ಕೇಳದೆ’ ಎಂತದ್ದ್? ಕೇಣ್ದೆ!” ಗೀಟು. ‘ಬರೆದದ್ದು’ ಹೋಗಿ ‘ಬರ್ದದ್ದ್’ ಬಂತು. ‘ಸರಿ ಇದೆ’ ಹೋಗಿ ‘ಸಮ ಇತ್ತ್’. ನೂಕುನುಗ್ಗಲು. ಪೆನ್ನಿಗಾಗಿ ಜಗಳ. ಯಾರೋ ಹಿಂದಿನಿಂದ — “ಸರ್ ಫೇಲ್!” ಹತ್ತಕ್ಕೆ ಎರಡು ಅಂಕ ಕೊಟ್ಟರು. ಕೈಬರಹ ಚಂದ ಇದೆಯೆಂದು ಒಂದು, ಪ್ರಯತ್ನಕ್ಕೆ ಒಂದು.

ಎಲ್ಲ ಮುಗಿದ ಮೇಲೆ ಪ್ರಜ್ಞಾ ಎದ್ದು ಬಂದಳು. ಪೆನ್ನು ತೆಗೆದುಕೊಂಡಳು. ‘ಹೋದ್ಳ್’ ಎಂಬುದನ್ನು ಹೊಡೆದು ಮೇಲೆ ‘ಹೋಯ್ತ್’ ಎಂದು ಬರೆದಳು. ಪೆನ್ನಿನ ಮುಚ್ಚಳ ಹಾಕಿ ಜಾಗಕ್ಕೆ ಹೋಗಿ ಕೂತಳು.

ಆ ಹಾಳೆಯನ್ನೇ, ಕೆಂಪು ಗೀಟುಗಳ ಸಮೇತ, ನಾಳೆ ಗೋಡೆಗೆ.

ಡಬ್ಬದಲ್ಲಿ ಒಂಬತ್ತು ಚೀಟಿ. ಒಂದನ್ನೂ ತಿದ್ದುವುದಿಲ್ಲ. ಪ್ರಜ್ಞಾಳದ್ದು ಇಲ್ಲ.


ಡಿಸೆಂಬರ್ 11, ಶುಕ್ರವಾರ. ಸಂಜೆ 4.50

ಇವತ್ತು ಕೊನೆಯ ಪಿರಿಯಡ್‌ನಲ್ಲೇ ಡಬ್ಬ ತೆರೆದೆ. ಹದಿನಾರು ಚೀಟಿ. ಹಾಗೆ ಹಾಗೆಯೇ ನಕಲು ಮಾಡುತ್ತಿದ್ದೇನೆ. ಹನ್ನೆರಡಾಯಿತು. ಕೈ ತಾನಾಗಿ ಎರಡು ಕಡೆ ತಿದ್ದಲು ಹೋಯಿತು. ತಡೆದೆ.

ಹದಿಮೂರನೆಯದು ಪ್ರಜ್ಞಾಳದ್ದು.

ಮಡಿಕೆ ಬಿಡಿಸಿ ಓದಿದೆ.

‘ಬೊಂಬಾಯಿ ಪಾಪುಗೆ ಶರಣ್ಯಾ ಅಂತ ಹೆಸ್ರ್ ಇಟ್ಟ್ರ್. ಅಜ್ಜಿಗೆ ಹೇಳುಕ್ ಬತ್ತಿಲ್ಲೆ, ಚರಣಿ ಅಂತ್. ಅಜ್ಜಿ ಬಪ್ಪ ತಿಂಗಳ್ ಬತ್ತ್. ಬಂದ್ ಕೂಡ್ಲೆ ಮಾಷ್ಟ್ರನ್ನ್ ಕಾಂತ್ ಅಂಬ್ರ್.’

ಚಾರ್ಟಿಗೆ ಬರೆದೆ. ಅಕ್ಷರವೂ ಬದಲಿಸಲಿಲ್ಲ. ಕೊನೆಯ ಸಾಲಿನಲ್ಲಿ ನಿಂತೆ.

ಕಾಂತ್. ಕಾಣುತ್ತದೆ. ಬಂದು ಭೇಟಿಯಾಗುತ್ತದೆ ಎಂದೋ? ಅಥವಾ — ಬಂದ ಮೇಲೆ ಅವರನ್ನು ಒಂದು ಕೈ ನೋಡಿಕೊಳ್ಳುತ್ತೇನೆ, ಆ ಥರದ ಕಾಣುವುದೋ? ಎರಡೂ ಆಗಬಹುದು. ಹುಡುಗಿ ಬೇಕೆಂದೇ ಹಾಗೆ ಬರೆದಿರಲೂಬಹುದು. ಅರ್ಥ ಮಾಡಿಕೊಳ್ಳಲು ಹೊರಟೆ. ಬಿಟ್ಟೆ.

ಮಕ್ಕಳು ಈಗಷ್ಟೇ ಗೇಟು ದಾಟಿದ್ದಾರೆ. ರಸ್ತೆಯ ತಿರುವಿನಲ್ಲಿ ಅವಳ ನೀಲಿ ಚೀಲ ಇಲ್ಲಿಂದಲೇ ಕಾಣುತ್ತಿದೆ. ಓಡಿದರೆ ಸಿಗುತ್ತಾಳೆ. ಕೇಳಿ ಬಂದು ಉಳಿದದ್ದು ಬರೆಯು—