ಮಾವನಿಗೆ ಮೂಗಾದ ಭಾನುವಾರಗಳು

ಶಿನೋನ್ ಹತ್ತಿರ, ನಮ್ಮ ಮನೆಯಿಂದ
ಸೋಮವಾರ, ಮಾರ್ಚ್ 10, 1986

ನನ್ನ ಮುದ್ದಿನ ಬಾಸ್ತಿಯಾನ್,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಆಸ್ಟ್ರೇಲಿಯಾದ ಬಿಸಿಲಿಗೆ ಕತ್ತಿನ ಚರ್ಮ ಸುಲಿಯುತ್ತಿದೆ ಎಂದು ಬರೆದಿದ್ದೆಯಲ್ಲ, ಟೊಪ್ಪಿ ಹಾಕಿಕೊಳ್ಳುತ್ತಿದ್ದೀಯೋ ಇಲ್ಲವೋ? ಮದುವೆಯಾಗಿ ನಾಲ್ಕು ತಿಂಗಳು, ಅದರಲ್ಲಿ ಏಳು ವಾರ ನೀನಿಲ್ಲ! ಇದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಪಾತ್ರೆ ಎತ್ತಿ ಎಸೆಯಬೇಕೆಂದೂ ಅನ್ನಿಸುತ್ತದೆ. ನಿನ್ನ ಅಂಗಿಯನ್ನು ದಿಂಬಿಗೆ ತೊಡಿಸಿದ್ದೇನೆ, ಯಾರಿಗೂ ಹೇಳಬೇಡ. ನಾನು ಚೆನ್ನಾಗಿದ್ದೇನೆ. ಮಾವನೂ ಚೆನ್ನಾಗಿದ್ದಾರೆಂದು ಹಿಂದಿನ ಪತ್ರಗಳಲ್ಲೆಲ್ಲ ಬರೆದೆ. ಇವತ್ತು ಹಾಗೆ ಬರೆಯಲಾರೆ. ಫೋನು ಅಡುಗೆಮನೆಯಲ್ಲಿ ಅವರ ಕುರ್ಚಿಯ ಪಕ್ಕದಲ್ಲೇ ಇರುವುದರಿಂದ ಅದರಲ್ಲಿ ಹೇಳುವುದಂತೂ ಸಾಧ್ಯವೇ ಇಲ್ಲ.

ಮಾವ ನನ್ನನ್ನು ಭಾನುವಾರಗಳಲ್ಲಿ ವ್ಯಾನಿನಲ್ಲಿ ಕೂರಿಸಿಕೊಂಡು ವೈನು ಮಾಡುವ ಊರೂರು ಸುತ್ತಿಸಿದ್ದನ್ನು ಎಷ್ಟು ಕುಣಿದಾಡಿಕೊಂಡು ಬರೆದಿದ್ದೆ ನೆನಪಿದೆಯಾ! ಸೇಬಿನ ಸೈಡರ್ ಕುಡಿದು ಬೆಳೆದ, ಕಡಲತೀರದ ಬ್ರಿಟನಿಯ ಹುಡುಗಿ ನಾನು. ಕೆಂಪು ಯಾವುದು, ಬಿಳಿ ಯಾವುದು ಎನ್ನುವುದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. “ಬ್ರಿಟನಿ ಮೀನನ್ನ ವೈನಲ್ಲಿ ಈಜಿಸೋಕೆ ಕರ್ಕೊಂಡು ಬಂದಿದೀನಿ” ಎಂದು ಹೋದಲ್ಲೆಲ್ಲ ಪರಿಚಯ ಮಾಡಿಸುತ್ತಿದ್ದರು. ಸಾಂಸೇರ್‌ನಲ್ಲಿ ಲೋಟ ಮೂಸಿ ನಾನು ನಾಚಿಕೊಂಡು ಬೆಕ್ಕಿನ ಉಚ್ಚೆ ಎಂದು ಪಿಸುಗುಟ್ಟಿದೆ. ಆ ಮನೆಯವರು ಬೈಯುವ ಬದಲು, ಅಲ್ಲಿನ ವೈನಿನ ಗುರುತೇ ಅದೆಂದು ಚಪ್ಪಾಳೆ ತಟ್ಟಿದರು! ವೂವ್ರೆಯಲ್ಲಿ ಒದ್ದೆ ಉಣ್ಣೆ ಎಂದೆ, ಅದೂ ಸರಿಯಂತೆ. ಜುರಾದಲ್ಲಂತೂ ಪೀಪಾಯಿಯನ್ನು ಬೇಕೆಂದೇ ಆರು ವರ್ಷ ಅರೆಬರೆ ಖಾಲಿ ಬಿಟ್ಟು, ಮೇಲೆ ಕಟ್ಟಿದ ಪೊರೆಯನ್ನು ಮಗುವಿನಂತೆ ಕಾಯುತ್ತಾರೆ. ನಾನು ಅಕ್ರೋಟು ಎಂದು ಮಾವನ ಕಿವಿಯಲ್ಲಿ ಹೇಳಿದೆ. ಮಾವ ಅದನ್ನೇ ಗಟ್ಟಿಯಾಗಿ “ಅಕ್ರೋಟು!” ಎಂದು ಸಾರಿದರು. ಮುದುಕನೊಬ್ಬ ಅವರನ್ನು ತಬ್ಬಿಕೊಂಡು “ಲೆಯೋನ್ಸ್, ನಿನ್ನ ಮೂಗಿಗೆ ವಯಸ್ಸೇ ಆಗಲ್ವೇನೋ!” ಎಂದ. ಎಲ್ಲ ಕಡೆಯೂ “ನೀನು ಮೊದಲು ಹೇಳು ಮಗಳೇ” ಎನ್ನುವುದೇ ಅವರ ಪದ್ಧತಿ. ನಾನು ಅದನ್ನು ಪಾಠ ಅಂದುಕೊಂಡಿದ್ದೆ. ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೂ ಇತ್ತು, ಇಲ್ಲವೆನ್ನಲಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಓದುವಾಗ ನನ್ನ ಮೇಲೆ ಸಿಟ್ಟು ಬಂದರೆ ಸ್ವಲ್ಪ ಹೊತ್ತು ಹೊರಗೆ ನಡೆದಾಡಿ ಬಂದು ಮುಂದೆ ಓದು. ಪೀಪಾಯಿಗಳಲ್ಲಿ ಇಂಗಿದಷ್ಟನ್ನು ವಾರಕ್ಕೊಮ್ಮೆ ತುಂಬಿಸುವ ಕೆಲಸ ನಿನಗೆ ಗೊತ್ತೇ ಇದೆ. ಅದಕ್ಕೆಂದು ನೆಲಮಾಳಿಗೆಯ ಮೂಲೆಯಲ್ಲಿ ದೊಡ್ಡ ಗಾಜಿನ ಜಾಡಿಯಲ್ಲಿ ವೈನು ಇಟ್ಟಿದ್ದರು. ಫೆಬ್ರವರಿಯ ಮಧ್ಯದಲ್ಲಿ ಒಂದು ಬೆಳಿಗ್ಗೆ ಅದರಿಂದ ಒಂದು ಲೋಟ ತೆಗೆದು ನನ್ನ ಮುಂದೆ ಹಿಡಿದರು. ಮೂಸಿದೆ. ನೈಲ್ ಪಾಲಿಶ್ ಅಳಿಸುವ ನೀರಿನ ವಾಸನೆ, ನಮ್ಮ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಕದ್ದು ಬಳಸುತ್ತಿದ್ದೆವು ಎಂದು ಹೇಳಿದ್ದೆನಲ್ಲ, ಅದೇ. ಹಾಗೆಯೇ ಹೇಳಿದೆ. “ಒಳ್ಳೇದೋ, ಕೆಟ್ಟದ್ದೋ?” ಎಂದು ಕೇಳಿದರು. ಬೆಕ್ಕಿನ ಉಚ್ಚೆಗೇ ಚಪ್ಪಾಳೆ ಗಿಟ್ಟಿಸಿ ಬಂದವಳು ನಾನು! “ತುಂಬಾ ವಿಶೇಷವಾಗಿದೆ ಮಾವ!” ಎಂದುಬಿಟ್ಟೆ. ಅವರು ತಲೆಯಾಡಿಸಿ, ಹಾಡು ಗುನುಗುತ್ತಾ, ಆ ಜಾಡಿ ಖಾಲಿಯಾಗುವವರೆಗೆ ಆರು ಪೀಪಾಯಿಗಳ ಕೊರತೆ ತುಂಬಿಸಿದರು. ದೀಪ ಹಿಡಿದುಕೊಂಡಿದ್ದವಳು ನಾನೇ.

ಹೋದ ಮಂಗಳವಾರ ಪಕ್ಕದ ತೋಟದ ಗಾಸ್ಪಾರ್ ಬಂದು, ಆ ಆರರಲ್ಲಿ ಒಂದರ ವೈನು ಮೂಸಿ, “ಏನಯ್ಯಾ ಲೆಯೋನ್ಸ್, ಈ ವರ್ಷ ಸಲಾಡಿಗೆ ಹಾಕೋಕೆ ಮಾಡಿದೀಯಾ?” ಎಂದ. ಮಾವ ತಾವೇ ಮೊದಲು ಹೇಳಿದ ಜೋಕಿನಂತೆ ಜೋರಾಗಿ ನಕ್ಕು ಅವನನ್ನು ಸಾಗಹಾಕಿದರು. ಆಮೇಲೆ ಅದೇ ಲೋಟ ತಂದು, “ಇನ್ನೊಂದ್ಸಲ ಮೂಸು. ನನ್ನ ಖುಷಿಗೆ ಹೇಳ್ಬೇಡ, ಇದ್ದದ್ದು ಹೇಳು” ಎಂದರು. ವಿನಿಗರ್ ಮಾವ, ಎಂದೆ. ಅವರು ಪೀಪಾಯಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. “ಜನವರೀಲಿ ಆ ಹಾಳು ಜ್ವರ ಬಂತಲ್ಲ, ಅವತ್ತಿಂದ ಮೂಗಲ್ಲಿ ಏನೂ ಇಲ್ಲ ಮಗಳೇ. ಕಾಫಿ ಅಂದ್ರೆ ಬಿಸಿನೀರು. ನಿನ್ನ ಮೀನಿನ ಸೂಪು ಅಂದ್ರೆ ಉಪ್ಪುನೀರು, ಅದು ಮೊದ್ಲೂ ಹಾಗೇ ಇತ್ತು ಬಿಡು” ಎಂದು ನಗಲು ನೋಡಿದರು. ನಗು ಬರಲಿಲ್ಲ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದ ದಿನ ಅವರು ಅಲ್ಲೇ ಬೆನ್ನು ತಿರುಗಿಸಿ ಪತ್ರಿಕೆ ಓದುತ್ತಿದ್ದರು. ನಾನು ಮರೆವು ಅಂದುಕೊಂಡಿದ್ದೆ. ಅತ್ತೆ ಬದುಕಿದ್ದಿದ್ದರೆ ಅವತ್ತೇ ಗುರುತಿಸುತ್ತಿದ್ದರು.

ನಿನಗೆ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡರು. “ಅವನು ಅಲ್ಲಿ ವೈನ್ ಮಾಡೋದು ಕಲೀಲಿ. ಗೊತ್ತಾದ್ರೆ ಓಡಿ ಬರ್ತಾನೆ” ಎಂದರು. ವೈನಿನ ಮಾದರಿಯನ್ನು ಪರೀಕ್ಷೆಗೆ ಪಟ್ಟಣಕ್ಕೆ ಕಳಿಸೋಣವೆಂದರೆ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುತ್ತಾರೆ. ಆರು ಪೀಪಾಯಿ ಹೋದವು, ಅದು ನನಗೂ ಗೊತ್ತಾಗುತ್ತದೆ. ಉಳಿದ ಹನ್ನೆರಡು ಚೆನ್ನಾಗಿವೆ ಎಂದು ಹೇಳುತ್ತಿರುವವಳು ಯಾರು? ಏಳು ವಾರದ ಹಿಂದೆ ಲೋಟ ಹಿಡಿಯಲೂ ಬಾರದಿದ್ದ ನಾನು! ದಿನಾ ಬೆಳಿಗ್ಗೆ ಒಂದೊಂದನ್ನೂ ಮೂಸುತ್ತೇನೆ, ಅವರು ನನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಾರೆ. ಏಳನೆಯದರಲ್ಲಿ ನಿನ್ನೆ ಏನೋ ಚುಚ್ಚಿದಂತಾಯಿತು, ಇವತ್ತು ಇಲ್ಲ. ಅದು ವೈನಿನದೋ ನನ್ನ ಹೆದರಿಕೆಯದೋ ತಿಳಿಯುತ್ತಿಲ್ಲ. ಏಪ್ರಿಲ್ ಇಪ್ಪತ್ತಕ್ಕೆ ಬಾಟಲಿಗೆ ತುಂಬಿಸುವ ಗಾಡಿ ಬರುತ್ತದೆ. ಆಮೇಲೆ ಬಾಟಲಿಗಳ ಮೇಲೆ ಇರುವುದು ನಿಮ್ಮ ಮನೆತನದ ಹೆಸರು.

ಕೊಟ್ಟ ಮಾತು ಮುರಿದಿದ್ದೇನೆ. ಬಾ ಎಂದು ಬರೆಯಲು ನಾಲ್ಕು ಸಲ ಪೆನ್ನೆತ್ತಿದೆ, ಆಗಲಿಲ್ಲ. ಅಲ್ಲಿ ಹೋಗಲು ನೀನು ಮೂರು ವರ್ಷ ಕಾದಿದ್ದೆ. ನಿರ್ಧಾರ ನಿನ್ನದು. ಬೇಜಾರು ಮಾಡಿಕೊಳ್ಳಬೇಡ, ಹೊಟ್ಟೆ ತುಂಬಾ ಊಟ ಮಾಡು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಸಾವಿರ ಮುತ್ತುಗಳು, ಬಿಸಿಲಿಗೆ ಸುಲಿದ ಕತ್ತಿಗೆ ಇನ್ನೂ ಹತ್ತು.

ನಿನ್ನವಳೇ ಆದ
ನೋಲ್ವೆನ್

ತಾ.ಕ.: ಅಂಟಿಸಿದ ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ಮಾವ ಪೇಟೆಗೆ ಹೊರಟವರು “ಆಸ್ಟ್ರೇಲಿಯಾ ಕಾಗದನಾ? ಕೊಡು, ಅಂಚೆಗೆ ಹಾಕ್ತೀನಿ” ಎಂದರು. ನನಗೆ ಕೈ ಚಾಚಲಾಗಲಿಲ್ಲ. “ಬರೆದುಬಿಟ್ಯಾ?” ಎಂದರು. ಹೂಂ ಎಂದೆ. “ಎಲ್ಲಾ?” ಎಲ್ಲಾ, ಎಂದೆ. ಬೈಯಲಿಲ್ಲ. “ಹಾಗಾದ್ರೆ ಬಾಟಲಿ ತುಂಬೋದ್ರೊಳಗೆ ಬಾ ಅಂತಾನೂ ಸೇರಿಸು. ನಾನು ಕರೆದೆ ಅಂತ ಮಾತ್ರ ಬರೀಬೇಡ, ವೈನಿಗೋಸ್ಕರ ಅಂತ ಬರಿ” ಎಂದರು. ಬಾಸ್ತಿಯಾನ್, ವೈನಿಗೋಸ್ಕರ ಬಾ. ಅವರು ಕರೆದರು.