ಕೊನೆಯ ಅಧ್ಯಾಯಕ್ಕೆ ಒಂದು ಚಮಚ

ಮನೆಯಿಂದ,
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಬಿಸಿನೀರು ಮತ್ತೆ ಕೈಕೊಟ್ಟಿದ್ದರೆ ವಾರ್ಡನ್ ಹತ್ತಿರ ಜಗಳವಾಡು, ನಾಚಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ. ಕಾರಣ ನಿಮ್ಮಪ್ಪ. ಈ ಕಾಗದವನ್ನೂ ಅವರು ಓದಿ, ಕಾಗುಣಿತ ತಿದ್ದಿದ ಮೇಲೇ ನನ್ನ ಕೈಗೆ ಕೊಡುವುದು. ಓದಲಿ ಬಿಡು, ಮುಖಕ್ಕೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಗಡಿಯಾರ ರಿಪೇರಿ ಮುಗಿಸಿ ಬಂದು, ಹದಿನೆಂಟು ವರ್ಷ ಅವರು ಬರೆದದ್ದು ಒಂದೇ ಪುಸ್ತಕ: ಮತ್ತೇರಿಸುವ ಅಣಬೆಗಳನ್ನು ಮನುಷ್ಯರು ಎಲ್ಲೆಲ್ಲಿ, ಯಾವ ದೇವರಿಗಾಗಿ, ಯಾವ ದುಃಖಕ್ಕಾಗಿ ತಿಂದರು ಎಂಬುದು. ಆರುನೂರು ಪುಟ. ತಾವು ಮಾತ್ರ ಒಂದು ಚೂರನ್ನೂ ನಾಲಿಗೆಗೆ ಮುಟ್ಟಿಸಿದವರಲ್ಲ. ಹೋದ ತಿಂಗಳು ಹಸ್ತಪ್ರತಿ ಓದಿದ ಪ್ರೊಫೆಸರರು, “ಉಪ್ಪು ತಿನ್ನದವರು ಉಪ್ಪಿನ ಮೇಲೆ ಬರೆದ ಹಾಗಿದೆ” ಎಂದು ಒಂದು ಸಾಲು ಬರೆದು ಕಳಿಸಿದರು ನೋಡು, ಇವರ ನಿದ್ದೆ ಹಾರಿಹೋಯಿತು. ಕಾಡಿಗೆ ಹೋಗಿ ಅದೇ ಅಣಬೆ ತಂದರು, ಒಣಗಿಸಿದರು, ಪುಡಿ ಮಾಡಿ ಸೀಸೆಗೆ ತುಂಬಿದರು. ಡಾಕ್ಟರು ಅವರ ಹೃದಯದ ಬಗ್ಗೆ ಹೇಳಿದ್ದು ನಿನಗೆ ಗೊತ್ತೇ ಇದೆ, ಮೆಟ್ಟಿಲು ಕೂಡ ಜೋರಾಗಿ ಹತ್ತಬಾರದು. ಅತ್ತು ಕರೆದೆ, ಬೈದೆ, ಎರಡು ದಿನ ಮಾತು ಬಿಟ್ಟೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಅಂಗಡಿಯ ರಿಪೇರಿ ಮೇಜಿಗೆ ಕೂತು, ಒಂದು ಚಮಚ ಪುಡಿಯನ್ನು ನೀರಲ್ಲಿ ಕದಡಿ ಕುಡಿದೇಬಿಟ್ಟರು. ಎದುರಿಗೆ ಜೇಬುಗಡಿಯಾರ, ಪಕ್ಕದಲ್ಲಿ ನಾನು.

ಮೂವತ್ತೈದನೇ ನಿಮಿಷಕ್ಕೆ ಅವರ ಕಣ್ಣು ತುಂಬಿತು. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡ ನಿನ್ನ ಅಜ್ಜಿ, ರಿಪೇರಿ ಮೇಜಿನ ಆಚೆ ಬಂದು ಕೂತು, “ಎಷ್ಟು ಹೊತ್ತು ಮಾಡ್ದೆಯೋ” ಅಂದರಂತೆ. ಇವರು ಏನೋ ಕೇಳಬೇಕು ಎನ್ನುವಷ್ಟರಲ್ಲಿ ಎದ್ದುಹೋದರಂತೆ. ಹನ್ನೊಂದು ಪುಟ ಬರೆದಿದ್ದಾರೆ ಪುಟ್ಟಿ. ನನಗೆ ಓದಿ ಹೇಳುವಾಗ ಮಗುವಿನ ಹಾಗೆ ಅತ್ತರು. ಮದುವೆಯಾದ ಮೂವತ್ತು ವರ್ಷದಲ್ಲಿ ಒಂದು ಸಲವೂ ಅಮ್ಮನ ಸುದ್ದಿ ಎತ್ತಿದವರಲ್ಲ. ಈಗ ಕೇಳಲು ಉಳಿದದ್ದನ್ನು ಕೇಳಲೇಬೇಕಂತೆ. ಭಾನುವಾರ ಒಬ್ಬರೇ ಕಾಡಿಗೆ ಹೋಗಿ, ಅಲ್ಲೇ ಹಸಿಯಾಗಿ, ಎರಡರಷ್ಟು ತಿನ್ನುತ್ತಾರಂತೆ. “ಏನೂ ಆಗ್ಲಿಲ್ವಲ್ಲೇ ನಂಗೆ?” ಎಂದು ಎದೆ ತಟ್ಟಿ ತೋರಿಸುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕತ್ತಿಗೆ ಮಫ್ಲರ್ ಸುತ್ತದೆ ಹೊರಗೆ ಹೊರಡಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

(ನಾಲ್ಕು ತಪ್ಪು ತಿದ್ದಿದ್ದೇನೆ. ನಿಮ್ಮಮ್ಮನದು ಎಲ್ಲದಕ್ಕೂ ಗಾಬರಿ. ನಾನು ಗಟ್ಟಿಯಾಗಿದ್ದೇನೆ. – ಅಪ್ಪ)

ತಾ.ಕ.: ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಇದನ್ನು ಅವರು ನೋಡಿಲ್ಲ. ಅವರು ಕುಡಿದದ್ದು ಆ ಪುಡಿಯಲ್ಲ ಪುಟ್ಟಿ. ಗುರುವಾರವೇ ಅದನ್ನು ಕಕ್ಕಸಿಗೆ ಸುರಿದು, ನಾವು ಸೂಪಿಗೆ ಹಾಕುವ ಅಂಗಡಿಯ ಒಣ ಅಣಬೆ ಪುಡಿ ಮಾಡಿ ಸೀಸೆಗೆ ತುಂಬಿದ್ದೆ. ಈಗ ಹೇಳಿದರೆ, ಸಿಕ್ಕಿದ ಅಮ್ಮನನ್ನು ನಾನೇ ಅವರ ಕೈಯಿಂದ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಭಾನುವಾರ ನಿಜವಾದದ್ದನ್ನೇ ತಿನ್ನುತ್ತಾರೆ, ಅಲ್ಲಿ ಬದಲಾಯಿಸಲು ನಾನಿರುವುದಿಲ್ಲ. ಒಬ್ಬಳಿಗೆ ಬಾಯಿ ಬರುತ್ತಿಲ್ಲ. ಶನಿವಾರದ ಬಸ್ಸಿಗೆ ಬಂದುಬಿಡು. ನೀನು ಪಕ್ಕದಲ್ಲಿ ಕೂತರೆ ಹೇಳುತ್ತೇನೆ.