ಚೆನ್ನೀರನ ಜ್ವರ

ಗೆಳೆಯ ನಿಂಗಣ್ಣ,

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನೀನು ಹೋಗಿ ನಾಲ್ಕು ತಿಂಗಳಾದ ಮೇಲೆ ನಾನು ನಿನಗೆ ಜ್ವರ ಬರಿಸಿದೆ. ನಿನಗೆ ಎಂದರೆ, ನಿನ್ನನ್ನು ನೋಡಿ ಬರೆದ ಚೆನ್ನೀರನಿಗೆ. ನಮ್ಮ ಶಹಾಪುರದ ವಾರಪತ್ರಿಕೆಯ ಎಳ್ಳಮಾವಾಸ್ಯೆ ವಿಶೇಷಾಂಕಕ್ಕೆ ಈ ವರ್ಷವೂ ‘ಗುರುಬಸಮ್ಮನ ಗಿರಣಿ’ಯ ಕಂತು ಬರೆದುಕೊಟ್ಟೆ. ಹಿಟ್ಟು ಬೀಸುತ್ತಲೇ ಊರಿನ ಕಳ್ಳರನ್ನು ಪತ್ತೆ ಹಚ್ಚುವ ಗುರುಬಸಮ್ಮ ಇದ್ದಳು. ಗಿರಣಿಯ ಗಿರಾಕಿಗಳಿದ್ದರು. ಆಕೆಯ ಸಹಾಯಕ ಚೆನ್ನೀರ ಮಾತ್ರ ಇರಲಿಲ್ಲ. ‘ಚೆನ್ನೀರನಿಗೆ ಜ್ವರ ಬಂದು ಮನೆಯಲ್ಲೇ ಮಲಗಿದ್ದ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟೆ. ಆ ಒಂದು ಸಾಲಿಗೆ ಓದುಗರಿಂದ ನನಗಾದ ಮಂಗಳಾರತಿಯನ್ನು ನಿನ್ನ ಮುಂದೆ ಹೇಳಿಕೊಳ್ಳದೆ ಇನ್ನಾರ ಮುಂದೆ ಹೇಳಿಕೊಳ್ಳಲಿ?

ಸುರಪುರದ ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಕೂತು ನೀನು ಕೀಲಿಯ ಕತೆ ಹೇಳಿದ ಆ ಭಾನುವಾರ ನೆನಪಿದೆಯಾ? ಆಗಿನ್ನೂ ನಾನು ಮೂರು ಕಂತು ಬರೆದು ಕೈಸೋತು ಕೂತಿದ್ದೆ. ಗುರುಬಸಮ್ಮ ಹಿಟ್ಟು ಬೀಸುತ್ತಾಳೆ, ಕಳ್ಳನನ್ನು ಹಿಡಿಯುತ್ತಾಳೆ, ಮತ್ತೆ ಹಿಟ್ಟು ಬೀಸುತ್ತಾಳೆ. ತಲೆಬರಹದ ಕೆಳಗೆ ‘ನಗೆ ಪತ್ತೇದಾರಿ’ ಎಂದು ಅಚ್ಚಾಗಿದ್ದರೂ ಯಾರೂ ನಗುತ್ತಿರಲಿಲ್ಲ. ನೀನು ಬಶಿಗೆ ಚಹಾ ಸುರುವಿಕೊಳ್ಳುತ್ತ, “ಲೇ ಬಸ್ಯಾ, ಹಿಂದ ಒಂದು ಭಾನಗಡಿ ಮಾಡಿದ್ದೆ ನೋಡು” ಅಂದೆ. ಶಹಾಪುರಕ್ಕೆ ಹೊರಟವನು ನಿಮ್ಮ ಮನೆಯ ಬಾಗಿಲು ತೆರೆದಿಟ್ಟು ಪಕ್ಕದ ಮನೆಗೆ ಕೀಲಿ ಹಾಕಿಕೊಂಡು ಹೋಗಿದ್ದೆಯಂತೆ. ಆ ಮನೆಯ ಸೊಸೆ ಹೊರಗೆ, ಅತ್ತೆ ಒಳಗೆ. ಸಂಜೆ ಬಂದು ಕೀಲಿ ತೆಗೆದರೆ ಆ ಮುದುಕಿ, “ಇಷ್ಟು ಲಗೂ ಯಾಕ ಬಂದ್ಯೋ ಎಪ್ಪಾ, ಇವತ್ತ ಒಂದ ದಿನ ಚೊಲೋ ನಿದ್ದಿ ಹತ್ತಿತ್ತು” ಅಂದಳಂತೆ. ನಾನು ಮುದುಕಿಯ ಜಾಗದಲ್ಲಿ ಕಳ್ಳನನ್ನು ಕೂರಿಸಿದೆ. ಚೆನ್ನೀರ ಹುಟ್ಟಿದ್ದು ಹಾಗೆ.

ಆಮೇಲೆ ಎಷ್ಟು ಭಾನುವಾರ, ಎಷ್ಟು ಭಾನಗಡಿ! ತಿಂಥಣಿಯ ಮೌನೇಶ್ವರನ ಗುಡಿಯಿಂದ ಎರಡೂ ಎಡಗಾಲಿನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಮನೆ ಮುಟ್ಟಿದ್ದು. ಯಾದಗಿರಿಗೆಂದು ಬಸ್ಸು ಹತ್ತಿ ನಿದ್ದೆ ಹೋಗಿ, ಅದೇ ಬಸ್ಸಿನಲ್ಲಿ ಸುರಪುರಕ್ಕೆ ವಾಪಸ್ ಬಂದು ಇಳಿದು, ಪರಿಚಯದವರೊಬ್ಬರಿಗೆ “ನೀವೂ ಯಾದಗಿರಿಗೆ ಬಂದೀರೇನ್ರಿ?” ಎಂದು ಕೇಳಿದ್ದು. ಚೆನ್ನೀರ ಹೀಗೆ ತಪ್ಪಿದಾಗಲೆಲ್ಲ ಗುರುಬಸಮ್ಮನಿಗೆ ಕಳ್ಳ ಸಿಗುತ್ತಿದ್ದ, ಓದುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇತ್ತ ನಿನ್ನ ಕೆಲಸ ರಂಗಂಪೇಟೆಯ ಓಣಿಗಳಿಗೆ ನಳದ ನೀರು ಬಿಡುವುದು. ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತು ಎಂಬುದರಲ್ಲಿ ನೀನು ಒಮ್ಮೆಯೂ ತಪ್ಪಿದವನಲ್ಲ. ಹೆಂಗಸರು ಗಡಿಯಾರ ನೋಡದೆ ನಿನ್ನ ಸೈಕಲ್ಲು ನೋಡಿ ಕೊಡ ಹಚ್ಚುತ್ತಿದ್ದರು.

ಒಂದು ವರ್ಷ ಪಂಚಮಿಗೆ ನಿಮ್ಮ ಮನೆಗೆ ಉಂಡಿ ತಿನ್ನಲು ಬಂದಾಗ ಮಾದೇವಕ್ಕ ಅಂದ ಮಾತು ನಿನಗೂ ಕೇಳಿಸಿತ್ತು. “ಅಣ್ಣಾರ, ಇವನ್ನೆಲ್ಲ ಪೇಪರಿನ್ಯಾಗ ಹಾಕಬ್ಯಾಡ್ರಿ. ಇವರು ನೀರು ಬಿಡಾಕ ಹೋದ್ರ ಮಂದಿ ಚೆನ್ನೀರಪ್ಪ ಬಂದ ಅಂತ ನಗ್ತಾರ.” ನೀನು ಒಳಗಿನಿಂದಲೇ, “ನಗಲಿ ಬಿಡು, ನಕ್ರ ನೀರೇನು ಕಮ್ಮಿ ಬರ್ತಾವೇನು?” ಎಂದು ಕೂಗಿದೆ. ಆಕೆಯ ಮುಖದಲ್ಲಿ ನಗು ಇರಲಿಲ್ಲ. ಗಂಡನ ಮರ್ಯಾದೆ ಹೋಗುತ್ತಿದೆಯೆಂದು ಆಕೆಗೆ ನೋವು ಅಂತ ನಾನು ತಿಳಿದೆ. ತಿಳಿದೂ ಬರೆಯುವುದನ್ನು ಬಿಡಲಿಲ್ಲ, ನೋಡು. ನಿನ್ನ ಭಾನಗಡಿಗಳ ರುಚಿ ಹತ್ತಿಬಿಟ್ಟಿತ್ತು.

ಭಾದ್ರಪದದಲ್ಲಿ ಎದೆನೋವೆಂದು ನಿನ್ನನ್ನು ಯಾದಗಿರಿಗೆ ಒಯ್ಯುವ ಹೊತ್ತಿಗೆ ನಾನು ಭೀಮರಾಯನಗುಡಿಯ ಕಚೇರಿಯಲ್ಲಿ ಟಪಾಲು ಬರೆದುಕೊಳ್ಳುತ್ತ ಕೂತಿದ್ದೆ. ಫೋನು ಬಂತು, ಓಡಿಬಂದೆ, ಆದರೆ... ಇರಲಿ, ಅದನ್ನು ಬರೆಯಲಾರೆ. ಸಂಪಾದಕರು ವಿಶೇಷಾಂಕಕ್ಕೆ ಕತೆ ಕೇಳಿದಾಗ ಕಾಗದದ ಮುಂದೆ ಕೂತು ಬೆವತೆ. ಹೋದವನನ್ನು ಹಿಡಿದು ಮಂದಿಯನ್ನು ನಗಿಸಲೇ? ಮಾದೇವಕ್ಕ ಓದಿದರೆ ಏನೆಂದುಕೊಂಡಾಳು? ಚೆನ್ನೀರನನ್ನು ಸಾಯಿಸಲು ಕೈ ಬರಲಿಲ್ಲ, ಓಡಾಡಿಸಲೂ ಬರಲಿಲ್ಲ. ಅದಕ್ಕೇ ಜ್ವರ.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ನಮ್ಮ ಕತೆ ಓದುವ ರೂಢಿಯನ್ನು ನೀನೇ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ! ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ನಡುವೆ ಸುತ್ತುತ್ತ ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಳ್ಳು ಹಾಕಿದ ಕಾಯಿಪಲ್ಯದ ಭಜ್ಜಿ, ಕಡಬು ಉಂಡು, ಬೇವಿನ ನೆರಳಿನಲ್ಲಿ ಕಾಲು ಚಾಚಿದ ಮೇಲೆ ಒಬ್ಬರು ಜೋರಾಗಿ ಓದಬೇಕು, ಉಳಿದವರು ಕಳ್ಳ ಯಾರೆಂದು ಕೂಗಬೇಕು. ಈ ಸಲದ ಕತೆಯಲ್ಲಿ ಬಂಡಿಯಲ್ಲಿಟ್ಟ ಭಜ್ಜಿಯ ಗಡಿಗೆ ಮಾಯವಾಗುತ್ತದೆ. ಗುರುಬಸಮ್ಮ ಒಬ್ಬನ ಮೀಸೆಯಲ್ಲಿ ಸಿಕ್ಕಿದ್ದ ಎಳ್ಳು ನೋಡಿ ಎರಡನೇ ಪುಟಕ್ಕೇ ಅವನನ್ನು ಹಿಡಿಯುತ್ತಾಳೆ. ತಪ್ಪು ದಾರಿ ಇಲ್ಲ, ತಪ್ಪು ಮನುಷ್ಯ ಇಲ್ಲ. ಅಚ್ಚಿಗೆ ಕೊಡುವಾಗಲೇ ನನಗೆ ಗೊತ್ತಿತ್ತು, ಅದು ಉಪ್ಪಿಲ್ಲದ ಅಡುಗೆ ಎಂದು.

ಎಳ್ಳಮಾವಾಸ್ಯೆಯ ಮಧ್ಯಾಹ್ನವೇ ಶಹಾಪುರದ ಬಟ್ಟೆ ಅಂಗಡಿಯ ಸಾಹುಕಾರರು ತಮ್ಮ ಹೊಲದಿಂದಲೇ ಫೋನು ಹಚ್ಚಿದರು. “ಏನ್ರಿ ಇದು, ಕೈ ತೊಳಕೊಂಡು ಬರೂದ್ರಾಗ ಕಳ್ಳ ಸಿಕ್ಕುಬಿಟ್ನಲ್ಲ! ಚೆನ್ನೀರ ಇದ್ದಿದ್ರ ಮೊದಲ ನಾಕು ಮಂದಿ ಒಳ್ಳೇವರನ್ನ ಹಿಡ್ಕೊಂಡು ಬರ್ತಿದ್ದ.” ಯಾದಗಿರಿಯ ನಿವೃತ್ತ ಹೆಡ್‌ಮಾಸ್ತರರೊಬ್ಬರ ಪತ್ರ ಓದಿದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ. ‘ಸದರಿ ಜ್ವರವು ಯಾವ ಬಗೆಯದೆಂದು ಕತೆಯಲ್ಲಿ ನಮೂದಾಗಿಲ್ಲ. ಚಳಿಜ್ವರವಾದಲ್ಲಿ ಅಮೃತಬಳ್ಳಿಯ ಕಷಾಯ ಕೊಡತಕ್ಕದ್ದು. ಮುಂದಿನ ವರ್ತಮಾನ ತಿಳಿಸುವುದು.’ ತಿಂಥಣಿ ಕಡೆಯ ಹೆಣ್ಣುಮಗಳೊಬ್ಬಳಂತೂ ನನಗೆ ಉಸಿರಾಡಲೂ ಬಿಡಲಿಲ್ಲ. “ಜ್ವರ ಬಂದವರಿಗೂ ಹೊಲದಿಂದ ಬುತ್ತಿ ಒಯ್ತಾರ್ರಿ. ನಿಮ್ಮ ಗುರುಬಸಮ್ಮ ಒಂದು ತುಣುಕು ಕಡಬು ಒಯ್ಲಿಲ್ಲ. ಎಂಥಾ ಹೆಂಗಸದು? ಇಷ್ಟು ದಿನ ದುಡಿದಾನ ಪಾಪ!” ನಾನು ತಪ್ಪಾಯಿತು ತಾಯಿ ಎಂದೆ. ನಮ್ಮ ಹೋಟೆಲಿನವನು ಮಾತ್ರ ಏನೂ ಕೇಳಲಿಲ್ಲ. ಚೆನ್ನೀರ ಯಾರೆಂದು ಅವನಿಗೆ ಗೊತ್ತಿತ್ತು.

ಆ ಪತ್ರಗಳನ್ನು ಕಚೇರಿಯ ಮೇಜಿನ ಮೇಲೆ ಹರಡಿಕೊಂಡು ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಅಷ್ಟು ಜನ ನಿನ್ನ ಕ್ಷೇಮ ಕೇಳುತ್ತಿದ್ದಾರೆ, ನಾನು ಏನಂತ ಉತ್ತರ ಕೊಡಲಿ? ಚೆನ್ನೀರನನ್ನು ವಾಪಸ್ ತಂದರೆ ಮಾದೇವಕ್ಕನಿಗೆ ನೋವು, ತಾರದಿದ್ದರೆ ಗುರುಬಸಮ್ಮನಿಗೆ ಜೀವವಿಲ್ಲ. ಗುರುಬಸಮ್ಮ ಗಿರಣಿ ಮುಚ್ಚಿ ಮಗಳ ಊರಿಗೆ ಹೋದಳೆಂದು ಬರೆದು ಮಾಲೆಯನ್ನೇ ಮುಗಿಸಿಬಿಡುವುದೆಂದು ನಿರ್ಧರಿಸಿದೆ. ಬರೆದೂ ಬರೆದೆ. ಸಂಪಾದಕರಿಗೆ ಕೊಡಬೇಕೆನ್ನುವಾಗ ನಿನ್ನ ಮಗಳ ಫೋನು ಬಂತು. “ಕಾಕಾ, ನಿಮ್ಮ ಕತಿ ಓದಿದಾಗಿಂದ ಅವ್ವ ಒಂದ ಸವನ ನಿಮ್ಮನ್ನ ಕರಿ ಅನ್ನಾಕತ್ತಾಳ.”

ಮುಂದಿನ ಭಾನುವಾರ ರಂಗಂಪೇಟೆಗೆ ಹೋದೆ. ಮಾದೇವಕ್ಕ “ಬರ್ರಿ” ಅಂದಳು, ಅಷ್ಟೇ. ಚಾಪೆ ಹಾಸಿ, ನೀರು ಕೊಟ್ಟು, ವಿಶೇಷಾಂಕವನ್ನು ನನ್ನ ಮುಂದಿಟ್ಟಳು.

“ಎಲ್ಲಾರೂ ಹೊಲಕ್ಕ ಹೋದ್ರು. ಗಿರಣಿಗೆ ಜ್ವಾಳ ತರೋ ಮಂದಿ ಸೈತ ಹೋದ್ರು. ಅವರೊಬ್ರನ್ನ ಮನಿಯಾಗ ಬಿಟ್ಟೀರಿ. ಯಾಕ್ರಿ ಅಣ್ಣಾರ?”

“ನಿಮಗ ನೋವಾಗ್ತದಂತ...” ಎಂದು ತಡವರಿಸಿದೆ. “ಅವತ್ತ ಪಂಚಮಿಗೆ ನೀವ ಬ್ಯಾಡ ಅಂದಿದ್ರಿ. ಈಗಂತೂ ಅವನಿಲ್ಲ. ಅವನ ತಪ್ಪು ಹೇಳಿ ಮಂದೀನ ನಗಸೂದು...”

“ಅವರ ತಪ್ಪು ಎಲ್ಲಿದ್ವು ಅಣ್ಣಾರ?” ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಎರಡೂ ಆಯಿತು. “ಬಾಜೂ ಮನಿಗಿ ಕೀಲಿ ಹಾಕಿದಾಕಿ ನಾನ್ರಿ.”

ಹಾಗಾದರೆ ತಿಂಥಣಿಯ ಚಪ್ಪಲಿ? “ಅವೂ ನನ್ನ ಕಾಲಾಗ ಇದ್ವು.” ಯಾದಗಿರಿಯ ಬಸ್ಸು? “ಅದನ್ನ ನಾ ಕೇಳಿದ್ದು ಅವರಿಗೇ ರೀ. ಬಸ್‌ಸ್ಟ್ಯಾಂಡಿನ್ಯಾಗ ಸೈಕಲ್ ಹಿಡ್ಕೊಂಡು ನಿಂತಿದ್ರು. ನೀವೂ ಯಾದಗಿರಿಗೆ ಬಂದೀರೇನ್ರಿ ಅಂದೆ. ಹೌದು, ಈಗ ಬಂದೆ, ಬಾ ಊರಿಗೆ ಹೋಗೋಣು ಅಂದ್ರು. ಹಿಂದ ಕುಂದ್ರಿಸ್ಕೊಂಡು ಹೊಂಟ್ರು. ಮನಿ ಮುಂದ ಇಳಿದ ಮ್ಯಾಲ ನನಗ ತಿಳೀತು.”

ನಿನ್ನ ತಾಯಿ ಎಷ್ಟು ಖಡಕ್ ಎಂದು ನನಗೂ ಗೊತ್ತು. ಹೊಸ ಸೊಸೆ ಪಕ್ಕದ ಮನೆಗೆ ಕೀಲಿ ಹಾಕಿ ಬಂದಳೆಂದರೆ ತವರಿಗೇ ಅಟ್ಟುತ್ತಿದ್ದಳೇನೋ. ನೀನು ಹೋಗಿ ಕೀಲಿ ತೆಗೆದು, ನಾನೇ ಹಾಕಿದ್ದೆ ಅಂದೆ. ಮಗನಿಗೆ ಆಕೆ ಏನೂ ಅನ್ನಲಿಲ್ಲ. “ಅಲ್ಲಿಂದ ಅದ ರೂಢಿ ಆತ್ರಿ. ಅತ್ತಿ ತೀರಿಕೊಂಡ ಮ್ಯಾಲೂ ಬಿಡ್ಲಿಲ್ಲ. ನಿಮಗೂ ಹಂಗ ಹೇಳಿದ್ರು. ನಾ ಮಾಡಿದ್ದಕ್ಕ ಓಣಿ ಅವರನ್ನ ನೋಡಿ ನಗೂದು ಕೇಳಿ ನನಗ ಸಂಕಟ ಆಗ್ತಿತ್ತು. ಬರೀಬ್ಯಾಡ್ರಿ ಅಂದಿದ್ದು ಅದಕ. ನಾನ ಮಾಡಿದ್ದು ಅನ್ನಾಕ ಮಾತ್ರ ಧೈರ್ಯ ಬರ್ಲಿಲ್ಲ.”

ಊರೆಲ್ಲ ನನ್ನನ್ನು ಪತ್ತೇದಾರಿ ಬರೆಯುವ ಬಸಣ್ಣ ಅನ್ನುತ್ತದೆ! ನೀರು ಬಿಡುವುದರಲ್ಲಿ ಒಂದು ದಿನವೂ ಓಣಿ ತಪ್ಪದ ಮನುಷ್ಯ ತನ್ನ ಮನೆಯ ಬಾಗಿಲು ತಪ್ಪುತ್ತಾನೆಯೇ ಎಂದು ಒಮ್ಮೆಯಾದರೂ ನನಗೆ ಅನುಮಾನ ಬರಬಾರದೇ? ಇಷ್ಟು ವರ್ಷ ಎದುರಿಗೆ ಕೂತು ಚಹಾ ಕುಡಿದೆ. ಎಂಥ ಕಳ್ಳನಯ್ಯ ನೀನು! ನಿನ್ನ ಮೇಲೆ ಸಿಟ್ಟು ಬಂತು, ನಿಂಗಣ್ಣ. ಸಿಟ್ಟಿನ ಹಿಂದೆಯೇ ನಿನ್ನನ್ನು ಒಮ್ಮೆ ಅಪ್ಪಿಕೊಳ್ಳಬೇಕು ಅನ್ನಿಸಿತು. ಇನ್ನೆಲ್ಲಿ...

ಈ ವರ್ಷದ ಹೊಲದ ಸಂಗತಿಯನ್ನು ಆಕೆ ಹೇಳಿದ್ದು ಆಮೇಲೆ. ನಿಮ್ಮ ಮನೆಯಲ್ಲಿ ಹಬ್ಬವಿಲ್ಲ, ಆದರೂ ಭೂಮಿಗೆ ಚರಗ ತಪ್ಪಿಸಬಾರದೆಂದು ಯಾದಗಿರಿಯಿಂದ ನಿನ್ನ ತಮ್ಮನ ಸಂಸಾರ ಬಂದಿತ್ತಂತೆ. “ಪ್ರತಿ ವರ್ಷ ಅವರು ಮುಂದ, ನಾ ಹಿಂದ. ಈ ಸಲ ಬುಟ್ಟಿ ಹೊತ್ಕೊಂಡು ನಾನ ಮುಂದ ನಡದೆ. ಮೈದುನ ನನ್ನ ಹಿಂದ ಚೆಲ್ಲಕೋತ ಬಂದ. ಪೂರಾ ಸುತ್ತು ಹಾಕಿ ನಿಂತ್ರ, ಗಿಡದ ಬುಡಕ್ಕ ಉಣ್ಣಾಕತ್ತಿದ್ದ ಮಂದಿ ಎದ್ದು ಬಂದು, ಯಾಕ್ರಿ, ನಮ್ಮ ಹೊಲಕ್ಕ ಎರಡೆರಡು ಸಲ ಚರಗ ಅಂದ್ರು. ಬದು ದಾಟಿ ಬಾಜೂ ಹೊಲಕ್ಕ ಹೋಗಿದ್ದೆ ಅಣ್ಣಾರ!”

ನನಗೆ ನಗು ತಡೆಯಲಾಗಲಿಲ್ಲ. ಆಕೆಯೂ ನಕ್ಕಳು. ಆಮೇಲೆ ದನಿ ಇಳಿಯಿತು. “ಯಾರು ಈ ಕಡಿ ಕರಕೊಂಡು ಬಂದವರು ಅಂತ ಆ ಹೊಲದವರು ಕೇಳಿದ್ರು. ನಾ ನನ್ನ ಬಾಜೂಕ ನೋಡಿದೆ. ಅಲ್ಲಿ ಯಾರೂ ಇದ್ದಿಲ್ಲ. ಆವಾಗ ನಾನ ಅಂದೆ, ನಾ ಅಂತ. ಜಲ್ಮದಾಗ ಮೊದಲನೇ ಸಲ.”

ಊಟವಾದ ಮೇಲೆ ನಿನ್ನ ತಮ್ಮನ ಮಗಳು ನಮ್ಮ ಕತೆ ಓದಿದಳಂತೆ. ಜ್ವರದ ಸಾಲು ಬಂದೊಡನೆ ಎಲ್ಲರೂ ಮಾದೇವಕ್ಕನ ಮುಖ ನೋಡಿದರು, ಆಮೇಲೆ ಒಬ್ಬರೂ ನಗಲಿಲ್ಲ. “ಅವರ ಹೆಸರು ಬಂದು ಮಂದಿ ನಗಲಾರದ್ದು ನಾ ಎಂದೂ ನೋಡಿದ್ದಿಲ್ರಿ,” ಅಂದಳು. “ಆ ಜ್ವರ ಇಳಸ್ರಿ ಅಣ್ಣಾರ. ಮುಂದ ಭಾನಗಡಿ ಮಾಡೂದು ಚೆನ್ನೀರನ ಹೆಂಡ್ತಿ ಅಂತ ಬರೀರಿ.” ಆಕೆಗೆ ಏನು ಹೆಸರಿಡಲಿ ಎಂದು ಕೇಳಿದೆ. “ನನ್ನ ಹೆಸರಿಗೇನಾಗ್ಯದ?” ಅಂದಳು.

ಮಾಲೆ ಮುಗಿಸಲು ಬರೆದಿದ್ದ ಹಾಳೆಗಳನ್ನು ಹರಿದು ಹಾಕಿದೆ. ಹೆಡ್‌ಮಾಸ್ತರರಿಗೆ ಜ್ವರ ಇಳಿದಿದೆ ಎಂದು ಕಾರ್ಡು ಬರೆದೆ. ಯುಗಾದಿ ವಿಶೇಷಾಂಕದ ಕಂತು ತಯಾರಾಗಿದೆ. ಅದರಲ್ಲಿ ಚೆನ್ನೀರನ ಹೆಂಡತಿ ಮಾದೇವಿ ಬುಟ್ಟಿ ಹೊತ್ತು ಇಡೀ ಸಂಸಾರವನ್ನು ಪಕ್ಕದ ಹೊಲಕ್ಕೆ ನಡೆಸಿಕೊಂಡು ಹೋಗುತ್ತಾಳೆ, ಕಳ್ಳ ಅಡಗಿ ಕೂತಿರುವುದು ಸರಿಯಾಗಿ ಅಲ್ಲೇ. ಮೊನ್ನೆ ಮಾದೇವಕ್ಕನಿಗೆ ಓದಿ ಹೇಳಿದೆ. ಯಾರು ಇಲ್ಲಿಗೆ ಕರೆದುಕೊಂಡು ಬಂದವರು ಎಂದು ಕತೆಯಲ್ಲಿ ಗುರುಬಸಮ್ಮ ಕೇಳುತ್ತಾಳೆ, ಚೆನ್ನೀರ ಗಂಟಲು ಸರಿಮಾಡಿಕೊಂಡು ಮುಂದೆ ಬರುತ್ತಾನೆ. ಅಷ್ಟಕ್ಕೆ ಮಾದೇವಕ್ಕ ಕೈ ಎತ್ತಿ ನನ್ನನ್ನು ತಡೆದಳು.

“ಅವರು ಸುಮ್ಮ ನಿಲ್ಲಲಿ ಅಣ್ಣಾರ. ಆಕೀನ ಹೇಳ್ತಾಳ.”

ಹಾಗೇ ತಿದ್ದಿದ್ದೇನೆ, ನಿಂಗಣ್ಣ. ಈ ಸಲ ನಿನಗೆ ಒಂದೂ ಮಾತಿಲ್ಲ. ಬಾಯಿ ಮುಚ್ಚಿಕೊಂಡು ಆಕೆಯ ಪಕ್ಕದಲ್ಲಿ ನಿಂತಿರು.

ನಿನ್ನ
ಬಸ್ಯಾ